ಏಳು ಬಣ್ಣಗಳ ಅಧ್ಯಕ್ಷೆ

ಸ್ವಂತ ಮಕ್ಕಳಿಲ್ಲ. ಆದರೂ ಲೋಕದ ತುಂಬಾ ಹರಡಿದ್ದ ಹದಿಹರೆಯದ ಹುಡುಗಿಯರ ಸಂಘಟನೆಗೆ ಎಂಟು ವರ್ಷ ಇವರೇ ಯಜಮಾನಿ. ಹೆಸರು ಆರ್ಡೆತ್ ಗ್ರೀನ್ ಕ್ಯಾಪ್.

ಹುಟ್ಟಿದ್ದು 1931ರಲ್ಲಿ; ಬೆಳೆದದ್ದು ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಗ್ಲೆನ್‌ವುಡ್ ಎಂಬ ಪುಟ್ಟ ಊರಲ್ಲಿ. 1984ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ಚರ್ಚ್‌ನ ‘ಯಂಗ್ ವಿಮೆನ್’ ಸಂಘಟನೆಗೆ ಅಧ್ಯಕ್ಷೆಯಾದರು. ಸಂಘಟನೆಯ ಬೇರು ಇರುವುದು 1869ರಲ್ಲಿ.

ಅಧ್ಯಕ್ಷೆಯಾದ ಮಾರನೇ ವರ್ಷವೇ ಅವರ ತಂಡ ಏಳು ಮೌಲ್ಯಗಳನ್ನು ಮುಂದಿಟ್ಟಿತು. ಒಂದೊಂದಕ್ಕೂ ಒಂದು ಬಣ್ಣ: ನಂಬಿಕೆಗೆ ಬಿಳಿ, ಜ್ಞಾನಕ್ಕೆ ಹಸಿರು, ಪ್ರಾಮಾಣಿಕತೆಗೆ ನೇರಳೆ... ಹುಡುಗಿಯರ ನೆನಪಲ್ಲಿ ಉಳಿಯಲು ಇದಕ್ಕಿಂತ ಸುಲಭದ ದಾರಿ ಬೇಕೇ?

1986ರ ಅಕ್ಟೋಬರ್‌ನಲ್ಲಂತೂ ದೇಶದೇಶಗಳ ಹುಡುಗಿಯರು ತಾವು ಬರೆದ ಸಂದೇಶದ ಚೀಟಿ ಕಟ್ಟಿ ಬಲೂನು ಹಾರಿಬಿಟ್ಟರು. ಇವತ್ತಾಗಿದ್ದರೆ ಪರಿಸರದವರು ಸುಮ್ಮನಿರುತ್ತಿರಲಿಲ್ಲ ಅನ್ನಿ!

ತಾಯ್ತನವನ್ನೇ ಕೊಂಡಾಡುವ ಸಮುದಾಯ ಮಾರ್ಮನ್ನರದು. ಮಕ್ಕಳಾಗದ ನೋವನ್ನು ಆರ್ಡೆತ್ ಅಲ್ಲಿ ಮುಚ್ಚಿಡಲಿಲ್ಲ. ತಾಯ್ತನಕ್ಕೆ ಹಲವು ಬಗೆ ಎಂದು 1979ರಲ್ಲೇ ಪುಸ್ತಕ ಬರೆದಿದ್ದರು.

ಒಂದು ಮಾತು ಮಾತ್ರ ಹೇಳಲೇಬೇಕು. ಇಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಅವರಿಗೆ ಪುರೋಹಿತ ದೀಕ್ಷೆ ಇರಲಿಲ್ಲ. ಆ ಚರ್ಚ್‌ನಲ್ಲಿ ಅದು ಇವತ್ತಿಗೂ ಗಂಡಸರಿಗಷ್ಟೇ.

1992ರಲ್ಲಿ ಹುದ್ದೆ ಬಿಟ್ಟ ಮೇಲೂ ಮನೆಯಲ್ಲಿ ಕೂರಲಿಲ್ಲ. ಪತಿ ಹೀಬರ್ ಜೊತೆ ಕೆನಡಾಕ್ಕೆ ಮರಳಿ ಚರ್ಚಿನ ಧರ್ಮಪ್ರಚಾರದ ವ್ಯಾಂಕೂವರ್ ಮಿಷನ್ ನಡೆಸಿದರು.