ಜ್ವರ ಬಿಟ್ಟ ಮೇಲೂ ಗುಳಿಗಿ ಯಾಕ?



ನಮ್ಮ ಹುಲಿಹೈದರದಿಂದ ದುಡಿಯಲಿಕ್ಕೆ ಬೆಂಗಳೂರು, ಮಂಗಳೂರು, ಗೋವಾಕ್ಕೆ ಹೋಗುವವರು ಎಲ್ಲರ ಮನೆಯಲ್ಲೂ ಇದ್ದಾರೆ. ನಮ್ಮ ಕಾಕಾ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಮಂಗಳೂರಿನಲ್ಲಿ 1990ರ ದಶಕದಿಂದ ಮಲೇರಿಯಾ ಬಹಳ ಇತ್ತು. ಕಟ್ಟುತ್ತಿರುವ ಮನೆಗಳಲ್ಲಿ ನಿಂತ ನೀರಿನಲ್ಲಿ ಅದನ್ನು ಹರಡುವ ಸೊಳ್ಳೆ ಮೊಟ್ಟೆ ಇಡುತ್ತದೆ. ಈಗ ಅಲ್ಲಿ ಎಷ್ಟೋ ಕಡಿಮೆ ಆಗಿದೆ, ಆದರೂ ಕಾಕಾಗೆ ಬಂತು. ರಕ್ತ ಪರೀಕ್ಷೆ ಮಾಡಿ ಗುಳಿಗೆ ಕೊಟ್ಟರು. ಮೂರು ದಿನದಲ್ಲಿ ಜ್ವರ ಬಿಟ್ಟಿತು. ಕಾಕಾ ಊರಿಗೆ ಬಂದು ಉಳಿದ ಗುಳಿಗೆಗಳನ್ನು ಗೋಡೆಯ ಮಾಡದಲ್ಲಿ ಇಟ್ಟುಬಿಟ್ಟರು. ಅವ್ವ ಕೇಳಿದರೆ, “ಜ್ವರ ಬಿಟ್ಟೈತಲ್ಲ ವೈನಿ, ಇನ್ಯಾಕ ಗುಳಿಗಿ? ನುಂಗಿದ್ರ ಹೊಟ್ಟಿ ತೊಳಸತೈತಿ” ಅಂದರು.

ಎರಡು ತಿಂಗಳಿಗೆ ಮತ್ತೆ ಅದೇ ಚಳಿ, ಅದೇ ನಡುಕ. ಎರಡು ಕೌದಿ ಹೊಚ್ಚಿದರೂ ನಿಲ್ಲಲಿಲ್ಲ. “ಮತ್ತ ಸೊಳ್ಳಿ ಕಡದಿರಬೇಕು” ಎಂದು ಎಲ್ಲರೂ ಅಂದರು. ದವಾಖಾನೆಯ ಅಕ್ಕಾರು ಮಾತ್ರ ಹಳೇ ಚೀಟಿ ನೋಡಿ, “ಹದಿನಾಲ್ಕು ದಿನದ ಗುಳಿಗಿ ಎಷ್ಟು ದಿನ ತಗೊಂಡ್ರಿ?” ಎಂದು ಕೇಳಿದರು. ಕಾಕಾ ತಲೆ ಕೆಳಗೆ ಹಾಕಿ, “ಐದು ದಿನರೀ” ಅಂದರು. ಹದಿನಾಲ್ಕೇ ಯಾಕೆ ಎಂದು ಅಕ್ಕಾರನ್ನೂ ವಿಜ್ಞಾನದ ಗುರುಗಳನ್ನೂ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಯಕೃತ್ತಿನಲ್ಲಿ ಮಲಗುವ ಜೀವಿ

1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡದ್ದು ಸಿಕಂದರಾಬಾದಿನಲ್ಲಿ. ಆಗ ನಮ್ಮ ಭಾಗವೂ ಅದೇ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಈ ಜೀವಿಗಳಲ್ಲಿ ವೈವಾಕ್ಸ್ ಎಂಬುದು ಒಂದು ಜಾತಿ. ಸೊಳ್ಳೆ ಕಚ್ಚಿದಾಗ ಅದು ಮೊದಲು ಯಕೃತ್ತಿಗೆ ಹೋಗುತ್ತದೆ. ಕೆಲವು ಅಲ್ಲಿ ಬೆಳೆದು ರಕ್ತಕ್ಕೆ ಇಳಿಯುತ್ತವೆ, ಆಗ ಜ್ವರ. ಇನ್ನು ಕೆಲವು ಅಲ್ಲೇ ಮಲಗಿಬಿಡುತ್ತವೆ. ಕ್ಲೋರೋಕ್ವಿನ್ ಗುಳಿಗೆ ರಕ್ತದಲ್ಲಿ ಇರುವುದನ್ನು ಕೊಲ್ಲುತ್ತದೆ, ಮಲಗಿದ್ದನ್ನು ಮುಟ್ಟುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅವು ಎದ್ದು ಬರುತ್ತವೆ. ಹೊಸದಾಗಿ ಸೊಳ್ಳೆ ಕಚ್ಚಬೇಕೆಂದೇ ಇಲ್ಲ.

ಹೊಲದಲ್ಲಿ ಕರಕಿ ಕೊಯ್ದರೆ ಮೇಲೆ ಸ್ವಚ್ಛ ಕಾಣುತ್ತದೆ. ಬೇರು ಉಳಿದರೆ ಮಳೆ ಬಿದ್ದ ಕೂಡಲೇ ಚಿಗುರುತ್ತದೆ. ಇದೂ ಹಂಗ. ಬೇರು ಕೀಳುವ ಗುಳಿಗೆಯ ಹೆಸರು ಪ್ರೈಮಾಕ್ವಿನ್.

ಕಡಿಮೆ ಆದರೆ ಏನು?

ದೊಡ್ಡವರಿಗೆ ದಿನಕ್ಕೆ 15 ಮಿಲಿಗ್ರಾಂ, 14 ದಿನ. ಗುಣಿಸಿದರೆ 210 ಮಿಲಿಗ್ರಾಂ. ನಮ್ಮ ದೇಶದಲ್ಲಿ ಮೊದಲು ಬಹಳ ವರ್ಷ ಐದೇ ದಿನ ಕೊಡುತ್ತಿದ್ದರು, ಅಂದರೆ 75 ಮಿಲಿಗ್ರಾಂ. ಮುಂಬೈ ಮೊದಲಾದ ಕಡೆ ವೈದ್ಯರು ಎರಡನ್ನೂ ಹೋಲಿಸಿ ನೋಡಿದರು. ಐದು ದಿನ ನುಂಗಿದವರಿಗೂ ಏನೂ ನುಂಗದವರಿಗೂ ಜ್ವರ ಮರಳುವುದರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹದಿನಾಲ್ಕು ದಿನ ನುಂಗಿದವರಿಗೆ ಗುಣವಾಯಿತು. ಆಮೇಲೆ ಸರಕಾರ 14 ದಿನಕ್ಕೆ ಬದಲಿಸಿತು. ನಮ್ಮ ಕಾಕಾ ಐದಕ್ಕೇ ನಿಲ್ಲಿಸಿ ತಾವೇ ಹಳೇ ಲೆಕ್ಕಕ್ಕೆ ಹೋದಂತಾಯಿತು!

ಹೆಚ್ಚು ಆದರೆ ಏನು?

ಹಾಗಾದರೆ ಒಂದೇ ಸಲ ಹೆಚ್ಚು ನುಂಗಿದರೆ ಆಗದೇ? ಆಗದು. ನಮ್ಮ ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವ ಇದೆ. ಕೆಲವರಿಗೆ ಹುಟ್ಟಿನಿಂದಲೇ ಇದು ಕಡಿಮೆ. ಅಂಥವರಿಗೆ ಪ್ರೈಮಾಕ್ವಿನ್ ಕೊಟ್ಟರೆ ರಕ್ತಕಣಗಳು ಒಡೆಯುತ್ತವೆ, ಮೂತ್ರ ಚಹಾದಂತೆ ಕಪ್ಪಾಗುತ್ತದೆ, ಜೀವಕ್ಕೂ ಅಪಾಯ. ಇದರ ಕಾರಣ ವಿಜ್ಞಾನಿಗಳಿಗೆ ಗೊತ್ತಾದದ್ದು 1956ರಲ್ಲಿ. ಈ ಕೊರತೆ ಇದ್ದವರಿಗೆ ವೈದ್ಯರು ಬೇರೆ ಲೆಕ್ಕ ಹಾಕುತ್ತಾರೆ: ವಾರಕ್ಕೊಮ್ಮೆ, ಎಂಟು ವಾರ, ಅವರ ಕಣ್ಣೆದುರಿನಲ್ಲೇ. ಗರ್ಭಿಣಿಯರಿಗೆ, ಒಂದು ವರ್ಷದೊಳಗಿನ ಕೂಸುಗಳಿಗೆ ಈ ಗುಳಿಗೆ ಇಲ್ಲವೇ ಇಲ್ಲ.

ಈಗ ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಅದೇ ವಾರ ನನ್ನ ಸಣ್ಣ ತಮ್ಮನಿಗೂ ಮೈ ಬಿಸಿಯಾಯಿತು. ಅವ್ವ ಮಾಡದಲ್ಲಿದ್ದ ಕಾಕಾನ ಗುಳಿಗೆ ತೆಗೆದು ನೀರಿನಲ್ಲಿ ಅರೆಯುತ್ತಿದ್ದಳು. ಅಷ್ಟರಲ್ಲಿ ಆಶಾ ಅಕ್ಕ ಬಂದು, “ಏ ಯವ್ವಾ, ತಡಿ!” ಎಂದು ಕೈ ಹಿಡಿದರು. ನಾನು ಆಮೇಲೆ ಲೆಕ್ಕ ಮಾಡಿದೆ. ಒಂದು ಕಿಲೋ ತೂಕಕ್ಕೆ ದಿನಕ್ಕೆ 0.25 ಮಿಲಿಗ್ರಾಂ. ತಮ್ಮನ ತೂಕ 12 ಕಿಲೋ, ಅಂದರೆ 3 ಮಿಲಿಗ್ರಾಂ. ಗುಳಿಗೆ ಇದ್ದದ್ದು 15ರದು. ಐದು ಪಟ್ಟು! ರಕ್ತ ನೋಡಿದರೆ ತಮ್ಮನಿಗೆ ಮಲೇರಿಯಾ ಇರಲೇ ಇಲ್ಲ. ಆ ರಾತ್ರಿ ಅವ್ವ ಊಟ ಮಾಡಲಿಲ್ಲ.

ಸರಿಯಾದ ಅಳತೆ ಹುಡುಕುವುದು ಹೇಗೆ?

ಟಾಫೆನೋಕ್ವಿನ್ ಎಂಬ ಹೊಸ ಗುಳಿಗೆಯನ್ನು ಒಂದೇ ಸಲ ನುಂಗಿದರೆ ಸಾಕು. ಎಷ್ಟು ಕೊಡಬೇಕೆಂದು ತಿಳಿಯಲು ಭಾರತ, ಥಾಯ್ಲೆಂಡ್, ಬ್ರೆಜಿಲ್, ಪೆರು ದೇಶಗಳಲ್ಲಿ ರೋಗಿಗಳಿಗೆ ಬೇರೆ ಬೇರೆ ಅಳತೆ ಕೊಟ್ಟು ಆರು ತಿಂಗಳು ನೋಡಿದರು. ಫಲಿತಾಂಶ 2014ರಲ್ಲಿ ಅಚ್ಚಾಯಿತು. ನೂರಕ್ಕೆ ಇಷ್ಟು ಮಂದಿಗೆ ಜ್ವರ ಮರಳಲಿಲ್ಲ:

50 ಮಿಲಿಗ್ರಾಂ – ಸುಮಾರು 58
100 ಮಿಲಿಗ್ರಾಂ – ಸುಮಾರು 54
300 ಮಿಲಿಗ್ರಾಂ – ಸುಮಾರು 89
600 ಮಿಲಿಗ್ರಾಂ – ಸುಮಾರು 92

ನೋಡಿರಿ, 300ರಿಂದ ಇಮ್ಮಡಿ ಮಾಡಿದರೂ ಮೂರೇ ಮಂದಿ ಹೆಚ್ಚು. ಸುಮ್ಮನೆ ಯಾಕೆ ಹೆಚ್ಚು ಔಷಧ? ಅದಕ್ಕೇ ದೊಡ್ಡವರಿಗೆ 300 ಎಂದು ನಿಶ್ಚಯಿಸಿದರು. ಆದರೆ ಇದು ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಪ್ರೈಮಾಕ್ವಿನ್ ತೊಂದರೆ ಕೊಟ್ಟರೆ ನಾಳೆಯಿಂದ ನಿಲ್ಲಿಸಬಹುದು. ಇದನ್ನು ನುಂಗಿದ ಮೇಲೆ ಹೊರಗೆ ತೆಗೆಯಲಿಕ್ಕೆ ಬರುವುದಿಲ್ಲ. ಆದ್ದರಿಂದ ಜಿ6ಪಿಡಿ ಎಷ್ಟಿದೆ ಎಂದು ಅಳೆಯದೆ ಇದನ್ನು ಕೊಡುವಂತಿಲ್ಲ. ನಮ್ಮಲ್ಲಿ ಕೊಡುವುದು 14 ದಿನದ ಪ್ರೈಮಾಕ್ವಿನ್.

ನಾವೇನು ಮಾಡೋಣ?

1. ಊರಿಂದ ಬಂದವರಿಗೆ ಚಳಿಜ್ವರ ಬಂದರೆ ಮೊದಲು ರಕ್ತ ಪರೀಕ್ಷೆ. ಮೊದಲು ಬಂದಿತ್ತೆಂಬುದನ್ನೂ ಹೇಳಬೇಕು.
2. ಗುಳಿಗೆಯನ್ನು ಊಟದ ಮೇಲೆ ನುಂಗಬೇಕು. ಹೊಟ್ಟೆ ತೊಳಸುವುದು ಕಡಿಮೆ.
3. ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ, ಏದುಸಿರು ಬಂದರೆ ಗುಳಿಗೆ ನಿಲ್ಲಿಸಿ ಕೂಡಲೇ ದವಾಖಾನೆಗೆ ಹೋಗಬೇಕು.
4. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಬೇಡ.

ಎರಡನೇ ಸಲ ಕಾಕಾನ ಲೆಕ್ಕ ನಾನೇ ಇಟ್ಟೆ. ರಾತ್ರಿ ರೊಟ್ಟಿ ಉಂಡ ಮೇಲೆ ಗುಳಿಗೆ, ಗೋಡೆಗೆ ಇದ್ದಲಿಯಿಂದ ಒಂದು ಗೆರೆ. “ಏನವಾ, ನೀನೂ ಡಾಕ್ಟರ್ ಆದಿಯೇನು?” ಎಂದು ನಗುತ್ತಿದ್ದರು. ಹದಿನಾಲ್ಕು ಗೆರೆ ಆದವು. ವರ್ಷವಾಯಿತು, ಜ್ವರ ಮರಳಿಲ್ಲ. ನಿಮ್ಮ ಮನೆಯ ಮಾಡದಲ್ಲೂ ಉಳಿದ ಗುಳಿಗೆ ಇದೆಯೇನು? ಇವತ್ತು ಮನೆಗೆ ಹೋಗಿ ನೋಡಿರಿ.

– 9ನೇ ತರಗತಿಯ ವಿದ್ಯಾರ್ಥಿನಿ