ಹುಟ್ಟುಗುಣ ಮತ್ತು ಹಟ್ಟಿಯ ನೇಮ

ಭಾದ್ರಪದ ಮಾಸದ ಮಂಗಳವಾರ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಲ್ಲಿ ಮಾರಮ್ಮನ ದೊಡ್ಡ ಜಾತ್ರೆ ನೆರೆದಾಗ, ತುಂಬಲಿನ ಬಯಲಿಗೆ ಬಿಜಯಂಗೈಯುವ ದೇವಿಯ ದರ್ಶನಕ್ಕೆಂದು ಚಿತ್ರದುರ್ಗ, ಬಳ್ಳಾರಿ ಸೀಮೆಗಳಿಂದಲೂ ಆಂಧ್ರದ ಗಡಿಯೂರುಗಳಿಂದಲೂ ಬಂದ ಅಪಾರ ಜನಸ್ತೋಮವು, ಹೊಲದಲ್ಲಿ ಬೆಳೆದ ಈರುಳ್ಳಿಯನ್ನೂ ಹರಕೆಯ ಕೋಳಿಯನ್ನೂ ದೇವಿಯತ್ತ ತೂರುತ್ತ, ಒಮ್ಮೆ ಮುನ್ನುಗ್ಗಿ ಒಮ್ಮೆ ಹಿಂಜರಿದು, ಒಂದೇ ದೇಹಕ್ಕೆ ಸೇರಿದ್ದೋ ಎಂಬಂತೆ ಚಲಿಸುವುದನ್ನು ಕಂಡವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರದು. ಈ ಚಲನೆಯಲ್ಲಿ ಪ್ರತಿಯೊಬ್ಬನ ವಿವೇಚನೆಯ ಪಾಲೆಷ್ಟು, ಅವನು ತಾಯ ಗರ್ಭದಿಂದಲೇ ಹೊತ್ತು ತಂದ ಸಹಜಪ್ರವೃತ್ತಿಯ ಪಾಲೆಷ್ಟು? ನಾಡಿನಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಈ ಸೀಮೆಯವರು ಕುರಿಯನ್ನೂ ದನವನ್ನೂ ನೆಚ್ಚಿ ಬಾಳಿದವರು. ಪಶುಗಳ ಹುಟ್ಟುಗುಣವನ್ನು ಅರಿಯದವನಿಗೆ ಇಲ್ಲಿ ಅನ್ನವೇ ಇರಲಿಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ಇಲ್ಲಿಯ ಹಟ್ಟಿಗಳಲ್ಲಿ ನಿಂತು ವಿಚಾರಿಸುವುದು ಯುಕ್ತವೆಂದು ನನ್ನ ಭಾವನೆ.

ಕುರಿಯಿಂದಲೇ ಆರಂಭಿಸೋಣ. ಈದ ಕುರಿಯು ತನ್ನ ಮರಿಯನ್ನು ನೆಕ್ಕುತ್ತ ನೆಕ್ಕುತ್ತ, ಒಂದೆರಡು ಗಂಟೆಗಳ ಒಳಗಾಗಿ ಅದರ ವಾಸನೆಯನ್ನು ಎಷ್ಟು ದೃಢವಾಗಿ ಗ್ರಹಿಸಿಬಿಡುತ್ತದೆಂದರೆ, ಆ ಬಳಿಕ ನೂರು ಮರಿಗಳ ನಡುವೆಯೂ ತನ್ನದನ್ನು ಮಾತ್ರ ಮೊಲೆಗೆ ಬಿಟ್ಟುಕೊಂಡು, ಹಸಿದು ಬಂದ ಪರಕೀಯ ಮರಿಯನ್ನು ತಲೆಯಿಂದ ಹಾಯ್ದು ಅಟ್ಟುತ್ತದೆ. ಆ ಅಲ್ಪಾವಧಿಯಲ್ಲಿ ಮರಿಯನ್ನು ಅಗಲಿಸಿದರೆ ತಾಯಿಯೇ ತನ್ನ ಕರುಳಕುಡಿಯನ್ನು ನಿರಾಕರಿಸುವುದೂ ಉಂಟು. ತಬ್ಬಲಿ ಮರಿಗೆ ಸತ್ತ ಮರಿಯ ಚರ್ಮವನ್ನು ಹೊದಿಸಿ, ಮರಿ ಕಳೆದುಕೊಂಡ ತಾಯಿಗೆ ಅದನ್ನು ಒಪ್ಪಿಸುವ ಉಪಾಯವು ಜಗತ್ತಿನ ಅನೇಕ ದೇಶಗಳ ಕುರಿಗಾಹಿಗಳಿಗೆ ಪರಿಚಿತವಾಗಿರುವುದು ಈ ಕಾರಣದಿಂದಲೇ. ದನದ ರೀತಿಯೇ ಬೇರೆ. ಕುರಿಮರಿಯು ಹುಟ್ಟಿದ ಅಲ್ಪಕಾಲದಲ್ಲೇ ಎದ್ದು ತಾಯ ಬೆನ್ನುಹತ್ತಿದರೆ, ಬಯಲಿನಲ್ಲಿ ಈದ ಹಸುವು ಕರುವನ್ನು ಹುಲ್ಲು ಪೊದೆಗಳ ಮರೆಯಲ್ಲಿ ಮಲಗಿಸಿ, ತಾನು ಮೇಯಲು ಹೋಗಿ, ಹೊತ್ತಿಗೆ ಸರಿಯಾಗಿ ಮರಳಿ ಬಂದು ಹಾಲೂಡುತ್ತದೆ. ಕರುವಾದರೋ ಉಸಿರು ಬಿಗಿಹಿಡಿದಂತೆ ಮಲಗಿರುತ್ತದೆ. ಯಾರೂ ಕಲಿಸದ ಈ ವಿದ್ಯೆಗಳು ಬೇಟೆಯ ಮೃಗಗಳಿದ್ದ ಕಾಲದಲ್ಲಿ ಸಾವಿರಾರು ತಲೆಮಾರುಗಳು ಪ್ರಾಣವನ್ನು ತೆತ್ತು ಸಂಪಾದಿಸಿದ ಸೊತ್ತು. 1859ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಡಾರ್ವಿನ್ ಸಹಜಪ್ರವೃತ್ತಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟು ಪ್ರತಿಪಾದಿಸಿದ್ದು ಇದನ್ನೇ: ಅಂಗಾಂಗಗಳು ರೂಪುಗೊಂಡ ಬಗೆಯಲ್ಲೇ ನಡತೆಯೂ ರೂಪುಗೊಂಡಿತು.

ಹಿಂಡಿನ ವಿಷಯ ಇನ್ನೂ ಸೋಜಿಗದ್ದು. ನಾಯಿ ಬೊಗಳಿದೊಡನೆ ಚದರಿದ ಕುರಿಗಳೆಲ್ಲ ಒತ್ತೊತ್ತಾಗಿ ಸೇರುವುದನ್ನು ನೋಡಿದವರು ಅದನ್ನು ಒಗ್ಗಟ್ಟೆಂದು ಹೊಗಳುವುದುಂಟು. 1971ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಎಂಬ ಆಂಗ್ಲ ಜೀವವಿಜ್ಞಾನಿಯು ಇದಕ್ಕೆ ಬೇರೊಂದು ವ್ಯಾಖ್ಯಾನವನ್ನು ಕೊಟ್ಟನು: ಪ್ರತಿಯೊಂದು ಪ್ರಾಣಿಯೂ ತನಗೂ ಶತ್ರುವಿಗೂ ನಡುವೆ ಮತ್ತೊಂದನ್ನು ಇರಿಸಿಕೊಳ್ಳಬಯಸಿ ಮಧ್ಯಕ್ಕೆ ನುಗ್ಗುವುದರಿಂದಲೇ ಹಿಂಡು ಬಿಗಿಯಾಗುತ್ತದೆ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಜ್ಞಾನಿಗಳು ಕುರಿಗಳಿಗೂ ಅವನ್ನು ಅಟ್ಟುವ ನಾಯಿಗೂ ಉಪಗ್ರಹದ ಮೂಲಕ ನೆಲೆಯನ್ನು ತಿಳಿಸುವ ಜಿಪಿಎಸ್ ಯಂತ್ರಗಳನ್ನು ಕಟ್ಟಿ ಪರೀಕ್ಷಿಸಿದಾಗ, ಕುರಿಗಳು ನಿಜವಾಗಿಯೂ ಹಿಂಡಿನ ಮಧ್ಯದತ್ತಲೇ ಓಡುವುದು ಕಂಡುಬಂದಿತು.

ಹಾಗಾದರೆ ತುಂಬಲಿನಲ್ಲಿ ನೆರೆಯುವ ಮನುಷ್ಯರೂ ಇಷ್ಟೇ ಏನು? ಮಾರಮ್ಮನು ಸಾಂಕ್ರಾಮಿಕ ವ್ಯಾಧಿಗಳ ಅಧಿದೇವತೆಯೆಂಬುದನ್ನು ಇಲ್ಲಿ ಮರೆಯಲಾಗದು. ಸಿಡುಬು ಭೂಮಿಯಿಂದ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದುದು 1980ರಲ್ಲಿ. ಅದಕ್ಕೂ ಮುನ್ನ ಅಮ್ಮ ಬಂದ ಮನೆಯ ಭೀತಿಯನ್ನು ಈಗಿನವರು ಊಹಿಸುವುದೂ ಕಷ್ಟ. ವ್ಯಾಧಿಗ್ರಸ್ತನಿಂದ ದೂರ ಸರಿಯಬೇಕೆಂಬುದೂ ಹುಟ್ಟುಗುಣವೇ, ಭಯ ಕವಿದಾಗ ತನ್ನವರನ್ನು ಸೇರಬೇಕೆಂಬುದೂ ಹುಟ್ಟುಗುಣವೇ. ಪರಸ್ಪರ ವಿರುದ್ಧವಾದ ಈ ಎರಡು ಸೆಳೆತಗಳ ನಡುವೆ ಸಿಕ್ಕ ಮನುಷ್ಯನು ಭಯವನ್ನು ಒಂದು ದೇವತೆಯಾಗಿಸಿ, ಆಕೆಗೆ ಒಂದು ತಿಂಗಳನ್ನೂ ಒಂದು ವಾರವನ್ನೂ ಗೊತ್ತುಮಾಡಿ, ಬೇವಿನ ಸೊಪ್ಪನ್ನುಟ್ಟು ಹರಕೆಯನ್ನು ತೀರಿಸುವ ಕ್ರಮವೊಂದನ್ನು ಕಟ್ಟಿಕೊಂಡನು. ಕುರಿ ಹಿಂಡಿನ ಮಧ್ಯಕ್ಕೆ ಓಡುವುದು ತನ್ನೊಂದರ ರಕ್ಷಣೆಗೆ. ಇಲ್ಲಿ ತಾಯಿಯೊಬ್ಬಳು ಮಗುವಿನ ಸಲುವಾಗಿ, ರೈತನೊಬ್ಬನು ಬೆಳೆಯ ಸಲುವಾಗಿ, ತಾವೇ ಆಡಿದ ಮಾತಿಗೆ ಕಟ್ಟುಬಿದ್ದು ಗುಂಪನ್ನು ಸೇರುತ್ತಾರೆ. ಸೇರುವ ಶಕ್ತಿ ಪ್ರಾಚೀನವಾದುದು; ಸೇರಿಸಿದ ಮಾತು ಮನುಷ್ಯನದು.

ಮನುಷ್ಯನಲ್ಲಿ ಪ್ರವೃತ್ತಿಯ ಸ್ಥಾನವನ್ನು ಬುದ್ಧಿಯು ಆಕ್ರಮಿಸಿಕೊಂಡಿದೆಯೆಂಬ ರೂಢಿಯ ಅಭಿಪ್ರಾಯವನ್ನು ನಾನು ಒಪ್ಪಲಾರೆ. 1890ರಲ್ಲಿಯೇ ವಿಲಿಯಂ ಜೇಮ್ಸ್, ಮನುಷ್ಯನಲ್ಲಿ ಇತರ ಪ್ರಾಣಿಗಳಿಗಿಂತ ಹೆಚ್ಚು ಸಹಜಪ್ರವೃತ್ತಿಗಳಿವೆಯೆಂದು ವಾದಿಸಿದನು. ಕೆನ್ನೆಯನ್ನು ಸೋಂಕಿದೊಡನೆ ಬಾಯನ್ನು ತಿರುಗಿಸಿ ಮೊಲೆಯನ್ನರಸುವ, ಅಂಗೈಗಿಟ್ಟ ಬೆರಳನ್ನು ಗಟ್ಟಿಯಾಗಿ ಹಿಡಿಯುವ ಹಸುಗೂಸೇ ಅದಕ್ಕೆ ಸಾಕ್ಷಿ. ಪ್ರವೃತ್ತಿಗೂ ಶಿಕ್ಷಣಕ್ಕೂ ವೈರವೂ ಇಲ್ಲ. ಸೂಸನ್ ಮಿನೆಕಾ ಎಂಬ ವಿದುಷಿಯು 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಪ್ರಯೋಗಶಾಲೆಯಲ್ಲೇ ಬೆಳೆದ ಕೋತಿಗಳಿಗೆ ಹಾವಿನ ಭಯವಿರಲಿಲ್ಲ. ಹಾವಿಗೆ ಬೆದರುವ ಬೇರೊಂದು ಕೋತಿಯನ್ನು ಕಂಡೊಡನೆ ಅವು ಆ ಭಯವನ್ನು ಶೀಘ್ರವಾಗಿ ಕಲಿತವು. ಆದರೆ ಅದೇ ಬಗೆಯಲ್ಲಿ ಹೂವಿಗೆ ಅಂಜುವುದನ್ನು ತೋರಿಸಿದರೆ ಕಲಿಯಲಿಲ್ಲ. ಯಾವುದನ್ನು ಬೇಗ ಕಲಿಯಬೇಕೆಂಬ ಸಿದ್ಧತೆಯೇ ಹುಟ್ಟಿನಿಂದ ಬಂದುದು.

ಕಲಿತ ನೇಮವು ಹುಟ್ಟುಗುಣದ ಮೇಲೆ ಎಷ್ಟು ಗಟ್ಟಿಯಾಗಿ ನಿಲ್ಲಬಲ್ಲದೆಂಬುದಕ್ಕೆ ಚಳ್ಳಕೆರೆ ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರ ಹಟ್ಟಿಗಳಿಗಿಂತ ಉತ್ತಮ ನಿದರ್ಶನ ನನಗೆ ತೋರದು. ಹಸಿವು ಎಲ್ಲರಿಗೂ ಸಮಾನ. ಆದರೆ ಪರಂಪರಾನುಗತವಾಗಿ ಈ ಜನರು ಕೋಳಿಯನ್ನು ಮುಟ್ಟರು. ಬೇಟೆಯ ಹೆಸರನ್ನೇ ಹೊತ್ತ ಕುಲವು ದೇವರ ಎತ್ತುಗಳೆಂದು ಕರೆಯುವ ದನಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದೆ. ಅವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಗೌರವದಿಂದ ಮಣ್ಣುಮಾಡುತ್ತಾರೆ. ಅವುಗಳೊಡನೆ ಬಯಲಿನಲ್ಲಿ ಬಾಳುವ ಕಿಲಾರಿಯು ಯಾವ ಹಸು ಕರುವನ್ನು ಎಲ್ಲಿ ಮರೆಮಾಡೀತು, ಯಾವ ಹೋರಿ ಯಾವಾಗ ಕೆರಳೀತು, ಹಿಂಡು ಯಾವುದರ ಹಿಂದೆ ನಡೆದೀತು ಎಂಬುದನ್ನು ದನದ ಕಿವಿ ಬಾಲಗಳ ಚಲನೆಯಿಂದಲೇ ಓದಬಲ್ಲನು. ಪ್ರಾಣಿವರ್ತನೆಯನ್ನು ಶಾಸ್ತ್ರವಾಗಿಸಿದ ಲೊರೆಂಜ್, ಟಿನ್‌ಬರ್ಗೆನ್, ಫ್ರಿಶ್ ಎಂಬ ಮೂವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಪ್ರಾಣಿಯನ್ನು ಅದರ ನೆಲೆಯಲ್ಲಿಯೇ ತಾಳ್ಮೆಯಿಂದ ನೋಡಬೇಕೆಂಬ ಅವರ ವಿಧಾನವು ಕಿಲಾರಿಗೆ ಹೊಸತಲ್ಲ.

ಆದರೆ ಬಯಲಿಲ್ಲದೆ ಹುಟ್ಟುಗುಣವು ಪ್ರಕಟವಾಗುವುದೆಲ್ಲಿ? ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೂ ಟಿಪ್ಪು ಇಟ್ಟ ಹೆಸರಿನ ಅಮೃತಮಹಲೂ ಪೋಷಿಸಿದ ದನಗಳು, ಅಪರಿಚಿತರನ್ನು ಸಮೀಪಕ್ಕೆ ಸೇರಿಸದ ಆ ಅರೆಗಾಡು ಸ್ವಭಾವವನ್ನು ಉಳಿಸಿಕೊಂಡದ್ದು ವಿಶಾಲವಾದ ಹುಲ್ಲುಗಾವಲುಗಳಲ್ಲಿ. ಚಳ್ಳಕೆರೆಯ ಅಂತಹ ಕಾವಲುಗಳ ಸಹಸ್ರಾರು ಎಕರೆಗಳು ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗಿವೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೂ ಇದೆ. ಅದೇ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಅವರು ದಶಕಗಳ ಕಾಲ ಕಣಜದ ಗೂಡುಗಳನ್ನು ವೀಕ್ಷಿಸಿ ನಮಗೆ ತಿಳಿಸಿದ ಸಂಗತಿ ಮಹತ್ತ್ವದ್ದು: ಅವರು ಅಭ್ಯಸಿಸಿದ ಜಾತಿಯಲ್ಲಿ ಸೌಮ್ಯಳಾದ ರಾಣಿಯನ್ನು ತೆಗೆದರೆ ಕೆಲಸಗಾರ್ತಿಯೊಬ್ಬಳು ಒಮ್ಮೆಲೇ ಉಗ್ರಳಾಗಿ, ಸುಮಾರು ಒಂದು ವಾರದಲ್ಲಿ ತಾನೇ ಶಾಂತಳಾದ ರಾಣಿಯಾಗುತ್ತಾಳೆ. ಕೀಟದ ಪ್ರವೃತ್ತಿಯೂ ಸನ್ನಿವೇಶವನ್ನು ನೋಡಿ ನಡೆಯುತ್ತದೆಂಬುದನ್ನು ಇಷ್ಟು ಶ್ರದ್ಧೆಯಿಂದ ಕಂಡುಕೊಂಡ ಪರಂಪರೆಯು, ತನ್ನ ಬೇಲಿಯ ಆಚೆಗಿರುವ ದನಗಳನ್ನೂ ಅವುಗಳ ಕಾವಲಿಗರನ್ನೂ ಅಲಕ್ಷಿಸಬಾರದು.

ಗೌರಸಮುದ್ರದ ಸುತ್ತಲಿನ ಹಟ್ಟಿಗಳಲ್ಲಿ ವೃದ್ಧ ಕಿಲಾರಿಗಳೂ ಕುರಿಗಾಹಿಗಳೂ ಇನ್ನೂ ಇದ್ದಾರೆ. ವಿಜ್ಞಾನದ ವಿದ್ಯಾರ್ಥಿಗಳು ಅವರ ಬಳಿ ಒಂದು ಈತದ ಕಾಲವನ್ನಾದರೂ ಕಳೆದು, ಅವರು ಹೇಳುವುದನ್ನು ಕನ್ನಡದಲ್ಲಿಯೇ ಬರೆದಿಡಲಿ. ಸರಕಾರವು ಉಳಿದಿರುವ ಕಾವಲನ್ನು ದನ ಕುರಿಗಳ ಮೇವಿಗೇ ಬಿಟ್ಟುಕೊಡಲಿ.