ಹೊಂಡದ ನೀರು ಎಲ್ಲಿ ಹೋಯಿತು?



ಮಳೆಗಾಲದಲ್ಲಿ ಹೊಲದ ಹೊಂಡ ತುಂಬುತ್ತದೆ. ದನ, ಎಮ್ಮೆ, ಕುರಿ, ಆಡು ಎಲ್ಲಾ ಅಲ್ಲೇ ನೀರು ಕುಡಿಯುತ್ತವೆ. ಆದರೆ ಸಂಕ್ರಾಂತಿ ಬರುವುದರೊಳಗೆ ಹೊಂಡ ಖಾಲಿ! ಆಮೇಲೆ ಕೊಡ ಹೊರುವವರು ಯಾರು? ನಾವೇ ಅಲ್ಲೇನ್ರಿ? ಬೇಸಿಗೆಯಲ್ಲಿ ಒಂದು ಎಮ್ಮೆಗೆ ದಿನಕ್ಕೆ ಸುಮಾರು 50 ಲೀಟರ್ ನೀರು ಬೇಕು. ಅಂದರೆ ನಾಲ್ಕು ಕೊಡ. ನೀರು ಹೊರಲಾಗದೆ ಸಾಕಿದ ಎಮ್ಮೆಯನ್ನು ಸಂತೆಗೆ ಹೊಡೆಯಬೇಕಾಗುತ್ತದೆ.

2024ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರಾ ಆಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋಯಿತು. ನೀರು ಹೋದದ್ದು ಎಲ್ಲರಿಗೂ ಕಂಡಿತು. ನಮ್ಮ ಹೊಂಡದ ನೀರು ದಿನಾ ಹೋಗುತ್ತದೆ. ಯಾರಿಗೂ ಕಾಣುವುದಿಲ್ಲ.

ಮೊದಲು ಅಳತೆ ಮಾಡ್ರಿ

ಹೊಂಡದ ನೀರು ಬಿಸಿಲಿಗೂ ಆರುತ್ತದೆ, ನೆಲಕ್ಕೂ ಇಂಗುತ್ತದೆ. ಯಾವುದು ಎಷ್ಟು? ತಿಳಿಯುವುದು ಸುಲಭ.

ಹೊಂಡದಲ್ಲಿ ಒಂದು ಕೋಲು ನೆಡಿರಿ. ನೀರಿನ ಮಟ್ಟಕ್ಕೆ ಗುರುತು ಹಾಕಿರಿ. ಒಂದು ಬಕೀಟಿನಲ್ಲಿ ನೀರು ತುಂಬಿ, ಅದಕ್ಕೂ ಗುರುತು ಹಾಕಿ, ಹೊಂಡದ ಅಂಚಿನ ನೀರಿನಲ್ಲೇ ಇಡಿರಿ. ಆ ದಿನ ಹೊಂಡದ ನೀರು ಯಾರೂ ತೆಗೆಯಬಾರದು. ಮರುದಿನ ಅದೇ ಹೊತ್ತಿಗೆ ಮಕ್ಕಳ ಸ್ಕೇಲಿನಿಂದ ಅಳೆಯಿರಿ.

ಬಕೀಟಿನಲ್ಲಿ 1 ಸೆಂಟಿಮೀಟರ್ ಇಳಿದಿದೆ ಅನ್ನಿ. ಅದು ಬಿಸಿಲಿಗೆ ಆರಿದ ನೀರು. ಹೊಂಡದಲ್ಲಿ 3 ಸೆಂಟಿಮೀಟರ್ ಇಳಿದಿದ್ದರೆ, ಉಳಿದ 2 ಸೆಂಟಿಮೀಟರ್ ಸೋರಿದ ನೀರು. 10 ಮೀಟರ್ ಉದ್ದ, 10 ಮೀಟರ್ ಅಗಲದ ಹೊಂಡದಲ್ಲಿ 2 ಸೆಂಟಿಮೀಟರ್ ಅಂದರೆ 2,000 ಲೀಟರ್. 40 ಎಮ್ಮೆಗಳ ಒಂದು ದಿನದ ನೀರು!

ಯಾಕೆ ಸೋರುತ್ತದೆ?

ಸಿಂಧನೂರಿನ ಕಡೆ ಎರೆ ಭೂಮಿ ಹೆಚ್ಚು. ಎರೆ ಮಣ್ಣು ಹಸಿ ಇದ್ದಾಗ ಉಬ್ಬಿ ನೀರು ಹಿಡಿಯುತ್ತದೆ. ಒಣಗಿದರೆ ಬಿರಿಯುತ್ತದೆ. ಲಿಂಗಸುಗೂರಿನ ಕಡೆ ಮಸಾರಿ, ಗರಸು ನೆಲ ಬಹಳ. ಗರಸಿನಲ್ಲಿ ನೀರು ಜರಡಿಯಲ್ಲಿ ಹಾಕಿದಂತೆ ಇಳಿಯುತ್ತದೆ. ಮಸ್ಕಿಯ ಕಡೆ ಎರಡೂ ತರದ ನೆಲ ಇದೆ. ಏಡಿ ಬಿಲ, ಇಲಿ ಬಿಲ, ಗಿಡದ ಬೇರಿನಿಂದಲೂ ನೀರು ಹೋಗುತ್ತದೆ.

ಇನ್ನೊಂದು ಮಾತು. ಹೂಳು ತೆಗೆಯುವಾಗ ಗರಸು ಕಾಣುವ ತನಕ ತೋಡಬೇಡಿರಿ. ತಳದ ನುಣುಪು ಹೂಳೇ ನೀರನ್ನು ತಡೆಯುತ್ತದೆ.

ಸೋರಿಕೆ ನಿಲ್ಲಿಸುವುದು ಹೇಗೆ?

ಭತ್ತದ ಗದ್ದೆಯಲ್ಲಿ ನೀರು ಹೇಗೆ ನಿಲ್ಲುತ್ತದೆ? ಕೆಸರು ಮಾಡಿ ತುಳಿಸುವುದರಿಂದ. ಮಣ್ಣಿನ ಮಾಳಿಗೆ ಸೋರದಂತೆ ಏನು ಮಾಡುತ್ತೇವೆ? ಮಣ್ಣು ಹಾಕಿ ಬಡಿಯುತ್ತೇವೆ. ಹೊಂಡಕ್ಕೂ ಅದೇ ಮದ್ದು.

1. ಬೇಸಿಗೆಯಲ್ಲಿ ಹೊಂಡ ಬತ್ತಿದಾಗ ಕೆಲಸ ಹಿಡಿಯಿರಿ. ಬಿಲದ ಬಾಯಿ ಮುಚ್ಚಿದರೆ ಸಾಲದು. ಬಿಲ ಅಗೆದು, ಬೇರು ಕಿತ್ತು, ಜಿಗುಟು ಮಣ್ಣು ತುಂಬಿ ಬಡಿಯಿರಿ.

2. ಮಣ್ಣು ಪರೀಕ್ಷೆ ಮಾಡಿರಿ. ಹಸಿ ಮಣ್ಣನ್ನು ಅಂಗೈಯಲ್ಲಿ ಬತ್ತಿಯಂತೆ ಹೊಸೆಯಿರಿ. ಸಣ್ಣಗಾದರೂ ಮುರಿಯದಿದ್ದರೆ ಒಳ್ಳೆ ಮಣ್ಣು. ಬರೀ ಎರೆ ಮಣ್ಣಾದರೆ ಸ್ವಲ್ಪ ಮಸಾರಿ ಬೆರೆಸಿರಿ. ಬಿರುಕು ಕಡಿಮೆ ಆಗುತ್ತದೆ.

3. ತಳಕ್ಕೂ ದಡಕ್ಕೂ 15 ಸೆಂಟಿಮೀಟರ್ ದಪ್ಪ ಮಣ್ಣು ಹರಡಿ, ನೀರು ಚಿಮುಕಿಸಿ, ಗಟ್ಟಿಯಾಗಿ ಬಡಿಯಿರಿ. ಮತ್ತೆ ಹರಡಿ, ಮತ್ತೆ ಬಡಿಯಿರಿ. ಬಡಿದ ಮೇಲೆ ಒಟ್ಟು 30 ಸೆಂಟಿಮೀಟರ್ ಇರಬೇಕು. ತಳವನ್ನು ದನಗಳಿಂದ ತುಳಿಸಬಹುದು.

4. ದಡ ಕಡಿದಾಗಿದ್ದರೆ ಮಣ್ಣು ಜಾರುತ್ತದೆ. 1 ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಇಳಿಜಾರು ಇರಲಿ.

5. ಹೊಂಡ ತುಂಬಿದ ಮೇಲೆ ದನಗಳನ್ನು ಒಳಗೆ ಬಿಡಬೇಡಿರಿ. ಗೊರಸಿನಿಂದ ದಡ ಕಿತ್ತು ಹೋಗುತ್ತದೆ. ನೀರೂ ಹೊಲಸಾಗುತ್ತದೆ. ಪಕ್ಕದಲ್ಲೇ ಒಂದು ತೊಟ್ಟಿ ಇಟ್ಟು ನೀರು ಕುಡಿಸಿರಿ.

6. ಹೊಂಡ ಪೂರಾ ಒಣಗಿ ಬಿರಿದರೆ, ಮಳೆಗೆ ಮುಂಚೆ ಮಣ್ಣು ನೆನೆಸಿ ಮತ್ತೆ ಬಡಿಯಿರಿ.

ಪ್ಲಾಸ್ಟಿಕ್ ಹಾಳೆ

2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾಯಿತು. ಅದರಿಂದ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುವುದು ಹಳ್ಳಿಗಳಿಗೂ ಬಂತು. ಜಿಗುಟು ಮಣ್ಣು ಸಿಗದ ಗರಸು ನೆಲಕ್ಕೆ ಇದು ಅನುಕೂಲ. ಸಹಾಯಧನದ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.

ಆದರೆ ಜೋಕೆ! ಹಾಳೆ ಬಹಳ ಜಾರುತ್ತದೆ. ಒಳಗೆ ಬಿದ್ದವರು ಈಜು ಬಂದರೂ ಮೇಲೆ ಹತ್ತುವುದು ಕಷ್ಟ. ಸುತ್ತಲೂ ಬೇಲಿ ಹಾಕಿರಿ. ಗಂಟು ಹಾಕಿದ ಹಗ್ಗವನ್ನು ಗಟ್ಟಿ ಗೂಟಕ್ಕೆ ಕಟ್ಟಿ ನೀರಿನ ತನಕ ಇಳಿಬಿಡಿರಿ. ಮಣ್ಣಿನ ಹೊಂಡಕ್ಕೂ ಬೇಲಿ ಬೇಕು. ಮಕ್ಕಳ ಜೀವಕ್ಕಿಂತ ನೀರು ದೊಡ್ಡದಲ್ಲ.

ಬರೆದಿಡಿರಿ

ನಮಗೆ ಈಗ ಅಂಕಿ ಬರೆಯಲು ಬರುತ್ತದೆ. ವಾರಕ್ಕೊಮ್ಮೆ ಅಳತೆ ಮಾಡಿ ತಾರೀಖಿನ ಜೊತೆ ಬರೆಯೋಣ. ಮಣ್ಣು ಬಡಿಯುವ ಮೊದಲು ದಿನಕ್ಕೆ ಎಷ್ಟು ಇಳಿಯುತ್ತಿತ್ತು? ಬಡಿದ ಮೇಲೆ ಎಷ್ಟು? ಎರಡೂ ಅಂಕಿ ಎದುರು ಬದುರು ಇಟ್ಟು ನೋಡ್ರಿ. ಪಕ್ಕದ ಹೊಲದ ಅಕ್ಕನಿಗೂ ತೋರಿಸಿರಿ.